ಇಸ್ತ್ರಿ ಮಣೆ

ಅಡುಗೆಮನೆಯ ಮೇಜು ಐವಾರ್ಸನ ಪಾಲಿಗೆ ಹೋಯಿತು.
ನಾಲ್ಕು ಕುರ್ಚಿಯಲ್ಲಿ ಎರಡು, ರೇಡಿಯೋ, ಮೀನಿನ ಬಾಣಲೆ.
ಪಟ್ಟಿ ಬರೆದವನು ಅವನೇ, ದುಂಡಗಿನ ಅಕ್ಷರದಲ್ಲಿ.
ಇಪ್ಪತ್ತೊಂದು ವರ್ಷದಲ್ಲಿ ಅವನು ನನಗೆ ಬರೆದ
ಅತಿ ಉದ್ದದ ಕಾಗದ ಅದು.
ಕೊನೆಗೆ ಕೇಳಿದ: "ಇಸ್ತ್ರಿ ಮಣೆ ಬೇಕಾ?"
ಬೇಕು ಅಂದೆ.

ಈಗ ಅದರ ಮೇಲೇ ಬರೆಯುತ್ತೇನೆ,
ಅಕ್ಕ ಬಿರೂಟಾಳ ಮನೆಯ ಉಗ್ರಾಣದಲ್ಲಿ,
ಉಪ್ಪುಸೌತೆಯ ಜಾಡಿಗಳ ನಡುವೆ,
ಮಣೆಯನ್ನು ತೀರ ಕೆಳಗಿಳಿಸಿ, ಮಂಚದಂಚಿಗೆ ಕೂತು.
ಹಾಳೆಯಡಿಗೆ ಟ್ರಾಮಿನ ಹಳೇ ವೇಳಾಪಟ್ಟಿಯ ರಟ್ಟು.
ಮಣೆಯ ಬಟ್ಟೆಯಲ್ಲಿ ಸುಟ್ಟ ಗುರುತೊಂದಿದೆ, ದೋಣಿಯಾಕಾರ.
ಅವನ ಮದುವೆಯ ಅಂಗಿ ಇಸ್ತ್ರಿ ಮಾಡುವಾಗ ಆದದ್ದು.

ಬೆಳಿಗ್ಗೆ ನಾಲ್ಕೂ ನಲವತ್ತಕ್ಕೆ ಡಿಪೋ.
ಲಿಯೆಪಾಯಾದಲ್ಲಿ ಇರುವುದೇ ಒಂದು ಟ್ರಾಮ್ ದಾರಿ;
ಹೋಗುತ್ತೇನೆ, ಬರುತ್ತೇನೆ, ಹೋಗುತ್ತೇನೆ.
ಗಾಳಿ ಹುಟ್ಟುವುದೇ ಇಲ್ಲಂತೆ, ಊರವರ ಹೆಮ್ಮೆ.
ಹುಟ್ಟಲಿ ಪಾಪ. ಆದರೆ ಕಾಲುವೆ ದಾಟುವಾಗ
ಸೇತುವೆಯ ಮೇಲೆ ಹಿಡಿದು ಅಲುಗಿಸುತ್ತದೆ,
ಕಿವಿ ಹಿಂಡುವ ಮೇಷ್ಟರ ಹಾಗೆ.

ಕೊನೆಯ ನಿಲ್ದಾಣದಲ್ಲಿ ಏಳು ನಿಮಿಷ ಬಿಡುವು.
ಏಳು ನಿಮಿಷಕ್ಕೆ ಎರಡು ವಾಕ್ಯ.
ಒಮ್ಮೊಮ್ಮೆ ಒಂದು. ಒಮ್ಮೊಮ್ಮೆ
ನಿನ್ನೆಯ ಎರಡನ್ನು ಹೊಡೆದುಹಾಕುವುದೇ ಕೆಲಸ.
ಹೀಗೆ ಒಂಬತ್ತು ವರ್ಷ, ಸಕ್ಕರೆ ಕಾರ್ಖಾನೆಯ ಕಾದಂಬರಿ.
ಕಬ್ಬಲ್ಲ, ಇಲ್ಲಿ ಸಿಹಿ ಗಡ್ಡೆಯೊಳಗೆ, ಮಣ್ಣಿನಡಿ;
ಎಲೆ ಉದುರುವ ತಿಂಗಳೆಲ್ಲ
ಬೀದಿ ಬೀದಿಗೆ ಬೆಂದ ನೆಲದ ವಾಸನೆ.
ಅಮ್ಮನಿಗೆ ಅಲ್ಲಿ ರಾತ್ರಿ ಪಾಳಿ.

ಹಸ್ತಪ್ರತಿ ವಾಪಸು ಬಂದದ್ದು ಹತ್ತು ಸಲ.
"ಈ ಸಾಲಿನ ಪಟ್ಟಿ ತುಂಬಿದೆ," ಒಬ್ಬರು.
"ಕಾರ್ಖಾನೆ ಕಥೆ ಈಗ ಯಾರು ಓದುತ್ತಾರೆ," ಇನ್ನೊಬ್ಬರು.
ಜಿಂತ್ರಾ ಎಂಬ ನನಗೆ ಬರೆಯಬೇಕಾದವರೊಬ್ಬರು
ಯಾರೋ ಝೆಲ್ಮಾಗೆ ವಿಷಾದ ತಿಳಿಸಿದ್ದರು.
ಪಾಪ ಝೆಲ್ಮಾ, ಅವಳದು ಚೆನ್ನಾಗಿತ್ತೋ ಏನೋ.
ಮತ್ತೆರಡು ಕಡೆ ಕಳಿಸಿದ್ದಂತೂ
ಹೊಳೆಯಲ್ಲಿ ಹುಣಸೆಹಣ್ಣು ಹಿಂಡಿದ ಹಾಗೆ.
ಬಿರೂಟಾ ಏನೂ ಅನ್ನುವುದಿಲ್ಲ.
ಲಕೋಟೆಯನ್ನು ಬ್ರೆಡ್ಡಿನ ಪಕ್ಕ ಇಡುತ್ತಾಳೆ,
ಬೆಣ್ಣೆ ಮಾತ್ರ ಅವತ್ತು ಕೊಂಚ ದಪ್ಪ.

ಹನ್ನೊಂದನೆಯದು ಬಂತು
ಅಮ್ಮನನ್ನು ಮಣ್ಣು ಮಾಡಿದ ವಾರ.
ಶಾಯಿಯಲ್ಲಿ, ಕೈಬರಹದಲ್ಲಿ, ಎರಡೇ ಸಾಲು:
"ಕಾರ್ಖಾನೆ ಕಣ್ಣಿಗೆ ಕಟ್ಟುತ್ತದೆ.
ತಾಯಿಯನ್ನು ಮಾತ್ರ ನಂಬಲಾಗಲಿಲ್ಲ."

ಸ್ಮಶಾನದ ಮರಳು ಇನ್ನೂ ಬೂಟಿನಲ್ಲೇ ಇತ್ತು.
ಎಷ್ಟು ಸಿಟ್ಟು ಬಂತೆಂದರೆ
ಮೂರು ನಿಲ್ದಾಣ ಗಂಟೆ ಬಾರಿಸುತ್ತಲೇ ಓಡಿಸಿದೆ;
ಟೋಪಿ ಹಿಡಿದುಕೊಂಡ ಮುದುಕನೊಬ್ಬ ಬೈದ.
ನನ್ನ ಅಮ್ಮನನ್ನು!
ಇದ್ದದ್ದನ್ನು ಇದ್ದ ಹಾಗೇ ಬರೆದ ಅಮ್ಮನನ್ನು!

ಇದ್ದ ಹಾಗೇ?

ಸೇತುವೆಯ ನಡುವೆ, ಗಾಳಿ ಕಿವಿ ಹಿಂಡಿದಾಗ,
ನೆನಪಾದವು ಅವಳ ಬೂಟುಗಳು.
ಗಂಡಸರವು, ಒಂದು ಅಳತೆ ದೊಡ್ಡವು.
ನಸುಕಿನಲ್ಲಿ ಬಾಗಿಲು ಹಾಕಿ, ಪತ್ರಿಕೆ ಹಾಸಿ,
ಅಮ್ಮ ಅವನ್ನು ಬೋರಲು ಮಾಡುತ್ತಿದ್ದಳು.
ಸಕ್ಕರೆ ಸುರಿಯುತ್ತಿತ್ತು,
ಬೆವರಿಗೆ ಅಲ್ಲಲ್ಲಿ ಉಂಡೆಗಟ್ಟಿ.
ಅಕ್ಕ ನಾನು ಬೆರಳದ್ದಿ ನೆಕ್ಕುತ್ತಿದ್ದೆವು.
"ಯಾರಿಗೂ ಹೇಳಬಾರದು," ಅನ್ನುತ್ತಿದ್ದಳು.
ಹೇಳಿರಲಿಲ್ಲ.
ಒಂಬತ್ತು ವರ್ಷ, ನಾನೂರು ಪುಟ,
ಹೇಳಿರಲೇ ಇಲ್ಲ.
ನನ್ನ ಕಾದಂಬರಿಯ ತಾಯಿ ಕದಿಯುವುದಿಲ್ಲ,
ಕಿಟಕಿಯ ಬಳಿ ನಿಂತು ನಿಟ್ಟುಸಿರು ಬಿಡುತ್ತಾಳೆ,
ಅಧ್ಯಾಯಕ್ಕೊಂದರಂತೆ.

ಇವತ್ತು ಭಾನುವಾರ. ಬಿರೂಟಾ ಚರ್ಚಿಗೆ ಹೋಗಿದ್ದಾಳೆ.
ಅವಳನ್ನು ಕೇಳಬೇಕಿತ್ತೇನೋ,
ಆ ಸಕ್ಕರೆಯಲ್ಲಿ ಅವಳ ಬೆರಳೂ ಇತ್ತಲ್ಲ.
ಕೇಳುತ್ತೇನೆ. ಬರೆದ ಮೇಲೆ.

ನಿಟ್ಟುಸಿರುಗಳನ್ನು ಹುಡುಕಿ ಹುಡುಕಿ ಕಿತ್ತೆ: ಇಪ್ಪತ್ತಾರು.
ಮಣೆ ಕಿರುಗುಟ್ಟಿತು.
ಹೊಸ ಹಾಳೆ. ಮೊದಲ ಸಾಲಿಗೇ ಬಂದವು ಬೂಟುಗಳು,
ಸಕ್ಕರೆಯ ಮೇಲೆ ಮೆಲ್ಲಗೆ ಪಾದವೂರಿ
ರಾತ್ರಿ ಪಾಳಿ ಮುಗಿಸಿ ಬರುವ ಹೆಂಗಸು,
ಗೇಟಿನ ಕಾವಲುಗಾರನಿಗೆ
ಅವನ ಮಗಳ ಕೆಮ್ಮು ಹೇಗಿದೆ ಎಂದು ಕೇಳುತ್ತ,
ಕುಂಟದೆ.