ಯಮನೂರಪ್ಪನ ಉತ್ತರ

ವಾಸ್ಕೋದ ರೈಲಿನಲ್ಲಿ ಬಂತು, ಗೋಣಿತಟ್ಟು ಸುತ್ತಿಕೊಂಡು,
ಮೊಳದುದ್ದದ ಕರಿ ಕೊಳವೆ.
ಒಂದು ತುದಿಯಲ್ಲಿ ಒಳಹೋಗಿ ಹೊರಬರುವ ಕಡ್ಡಿ,
ನೆತ್ತಿಯ ಮೇಲೆ ಆರು ಗುಂಡಿ;
ಎರಡರ ಗುರುತು ಸವೆದಿತ್ತು ಯಾರದೋ ಹೆಬ್ಬೆರಳಿಗೆ.

"ಚುಕ್ಕಾಣಿ ತಾನಾ ಹಿಡೀತೈತಂತ," ಅಂದ ಯಮನೂರಪ್ಪ.
"ಬಿಚ್ಚಿ ನೋಡು ಹುಸೇನಬಿ.
ಸತ್ತಿದ್ರ ಹೇಳು, ಡ್ಯಾಮಿಗೆ ಒಗಿತೀನಿ."

ನನ್ನದು ಮುನಿರಾಬಾದಿನಲ್ಲಿ ವೈಂಡಿಂಗ್ ಅಂಗಡಿ.
ಸುಟ್ಟ ಪಂಪುಗಳ ಕರುಳು ಕಿತ್ತು ತಾಮ್ರ ತುಂಬುವವಳು.
ಬಿಚ್ಚಿದೆ. ಬೊಟ್ಟಿನಷ್ಟು ಮೋಟಾರು, ಹಲ್ಲುದುರಿದ ಗಾಲಿ,
ಮೂಲೆಯಲ್ಲಿ ಎಣ್ಣೆಯೊಳಗೆ ತೇಲುವ ದಿಕ್ಸೂಚಿ,
ನಿದ್ದೆಗೆಟ್ಟ ಕಣ್ಣಾಲಿ.
ಎಲ್ಲದರ ಮೇಲೂ ಬಿಳಿ ಪುಡಿ. ನಾಲಿಗೆಗೆ ತಾಕಿಸಿದೆ:
ಉಪ್ಪು.
ನಾನು ನೋಡದ ಸಮುದ್ರ
ನನ್ನ ಬೆಂಚಿನ ಮೇಲೆ, ಒಂದು ಚಿಟಿಕೆ.

ದೋಣಿ ಅಂದರೆ ಹನ್ನೆರಡಡಿಯ ಫೈಬರ್ ಚಿಪ್ಪು.
ಹರಾಜಿನಲ್ಲಿ ಎಮ್ಮೆಗೆ ಬಾನಿ ಮಾಡಲು ಕೇಳಿದವನಿಗಿಂತ
ಇನ್ನೂರು ಹೆಚ್ಚು ಕೂಗಿ ತಂದದ್ದು.
ಹಾಯಿ, ಹಳೆಯ ಫ್ಲೆಕ್ಸು;
ಗಾಳಿ ತುಂಬಿದಾಗೆಲ್ಲ ಯಾರೋ ಕೈಮುಗಿದು ಹಲ್ಲು ಬಿಟ್ಟು
ಹಿನ್ನೀರಿಗೆಲ್ಲ ಹುಟ್ಟುಹಬ್ಬದ ಶುಭಾಶಯ ಕೋರುತ್ತಾರೆ.
ಹಾಯಿ ಹೊರಳಿದರೆ ಕೂತವನೂ ಹೊರಳಬೇಕು,
ಈ ಬದಿಯಿಂದ ಆ ಬದಿಗೆ.
ಎಡಗಾಲಿಗೆ ಸೊಂಟದಿಂದ ಹಿಮ್ಮಡಿವರೆಗೆ ಕ್ಯಾಲಿಪರ್;
ಆತ ಏಳುವಷ್ಟರಲ್ಲಿ ಚುಕ್ಕಾಣಿ ಕೈಬಿಟ್ಟು
ದೋಣಿ ಗಿರಕಿ.

ಕೀಲಿನಿಂದ ಒಂದೂವರೆ ಅಡಿ ಅಳೆದೆ,
ಜಾಲಿಕಟ್ಟಿಗೆಯ ಹಿಡಿಕೆಗೆ ಹಿತ್ತಾಳೆಯ ಮೊಳೆ.
ಅಲ್ಲಿಂದ ಅಡ್ಡಕ್ಕೆ ಎರಡಡಿ, ಕೂರುವ ಹಲಗೆಗೆ ತೂತು.
"ಅಳತಿ ತಪ್ಪಿದ್ರ?"
"ತೂತು ವಾಪಸ್ ತಗೊಳಾಕ ಬರಂಗಿಲ್ಲ, ಸುಮ್ಕಿರು."
ಬೈಕಿನ ಬ್ಯಾಟರಿ, ಕೆಂಪಿಗೆ ಕೆಂಪು.
ಗುಂಯ್ ಅಂತು. ಆಮೆ ಕತ್ತು ಚಾಚಿದ ಹಾಗೆ
ಕಡ್ಡಿ ಹೊರಬಂದು ಹಿಡಿಕೆಯನ್ನು ದೂಡಿತು.

ಆಚೆ ದಂಡೆಯ ಒಂಟಿ ಬೇವಿಗೆ ಗುರಿಯಿಟ್ಟು ಗುಂಡಿ ಒತ್ತಿದೆ.
ದೋಣಿ ಎಡಕ್ಕೆ ಹೋಯಿತು.
ಪಾನಾ ಡಬ್ಬಿ ಮೂತಿಗೆ ಸರಿಸಿದೆ. ಎಡಕ್ಕೆ.
ಮೊಬೈಲು, ಬೀಗದ ಕೈ, ಎಲ್ಲ ದುರುಗಪ್ಪನ ಹರಿಗೋಲಿಗೆ ದಾಟಿಸಿದೆ.
ಎಡಕ್ಕೇ, ಹಟ ಹಿಡಿದ ಎತ್ತು.
ಹಗ್ಗ ಬಿಗಿಯಲು ಯಮನೂರಪ್ಪ ಎದ್ದು ಮುಂದೆ ಹೋದ.
ಬೇವು ನೆಟ್ಟಗೆ ಬಂದು ನಿಂತಿತು.
ತಿರುಗಿ ಬಂದು ಕೂತ. ಬೇವು ಸರಿಯಿತು.

ನಾನು ಕಾಲು ನೋಡಿದೆ. ನಾನು ನೋಡಿದ್ದನ್ನು ಆತ ನೋಡಿದ.
ಸ್ವಲ್ಪ ಹೊತ್ತು ಯಂತ್ರವೊಂದೇ ಮಾತಾಡುತ್ತಿತ್ತು.
"ನನ್ ಕಾಲನ್ನ ಉತ್ತರ ಅಂತ ತಿಳ್ಕೊಂಡೈತಲೇ," ಅಂದ,
"ಇಷ್ಟು ವರ್ಷ ಎಲ್ಲಾರಿಗೂ ಇದು ಬರೇ ಪ್ರಶ್ನೆ."

"ಬಿಚ್ಚಿ ಆ ಕಡೆ ಇಡು," ಅಂದೆ.
"ಸಾಲಿ ಮಾಸ್ತರಿಂದ ಹಿಡ್ದು ಎಲ್ಲಾರೂ ಬಿಚ್ಚು ಅಂದವರ.
ಬಿಚ್ಚಂಗಿಲ್ಲ. ಅದಕ್ಕ ಕಲಿಸು."

ಹಾಗೇ ಕೂರಿಸಿ, ಕಾಲು ಚಾಚಿಸಿ,
ಆ ಸವೆದ ಗುಂಡಿಯನ್ನೇ ಒತ್ತಿದೆ, ಒಂದೊಂದೇ ಡಿಗ್ರಿ.
ಯಾಕೆ ಸವೆದಿತ್ತೆಂದು ಆಗ ಹೊಳೆಯಿತು:
ಅಲ್ಲಿಯೂ ಯಾರೋ, ಯಾವುದೋ ಕಬ್ಬಿಣವನ್ನು
ಬದಿಗಿಡಲಾರದೆ.
ಎಂಟಕ್ಕೆ ಬೇವು ಮೂತಿಗೆ ಬಂತು.
ವಾಪಸ್ ಹೊರಟರೆ ಲೆಕ್ಕ ಬೇರೆ, ಅದನ್ನು ಹೇಳಲಿಲ್ಲ.

ಗುಂಯ್. ತಡೆದು, ಗುಂಯ್.
ಬಿಡುವಾದ ಎರಡು ಕೈ ಎಲ್ಲಿಡಬೇಕೆಂದು ತಿಳಿಯದೆ
ತೊಡೆಯ ಮೇಲಿಟ್ಟ, ತೆಗೆದ,
ಜೇಬಿನಿಂದ ಶೇಂಗಾ ಹೊರಗೆ ಬಂತು.
ಮೂರನೆಯದನ್ನು ಸುಲಿದು ನನಗೆ ಕೊಟ್ಟ.
ಅದಕ್ಕೆ ಉಪ್ಪಿರಲಿಲ್ಲ.