ಎರಡು ಬಾಗಿಲು, ನಾಲ್ಕು ಬಾಗಿಲು

ಸೊಹಾರಿನ ಸನಯ್ಯಾ. ಶುಕ್ರವಾರ, ಅಸರ್ ಬಾಂಗಿನ ಹೊತ್ತು.
ಕಾಸಿಮನ ವ್ಯಾನಿನ ನೆತ್ತಿಗೆ ಕಟ್ಟಿ
ಏಣಿಯನ್ನೂ ಕರಕೊಂಡು ಬಂದಿದ್ದೇನೆ ಗಾಡಿ ನೋಡಲಿಕ್ಕೆ.
ಹೆಣ್ಣು ನೋಡಲು ಸೋದರಮಾವನನ್ನು ಒಯ್ದ ಹಾಗಾಯ್ತು
ಎಂದು ನಕ್ಕಳು ವಿಮಲಾಕ್ಷಿ. ನಗಲಿ.
ಎಂಟಡಿಯ ಅಲ್ಯುಮಿನಿಯಂ ಏಣಿ ಸುಳ್ಳು ಹೇಳುವುದಿಲ್ಲ.

ಸಾಲಾಗಿ ನಿಂತಿವೆ:
ಬಿಸಿಲು ತಿಂದ ಬಾನೆಟ್ಟು, ಹಲ್ಲುದುರಿದ ಗ್ರಿಲ್ಲು,
ಒಂದರ ಕನ್ನಡಿಗೆ ಇನ್ನೂ ಜೋತುಬಿದ್ದ ಯಾರದೋ ಜಪಮಣಿ.
ಹಮೂದ್ ಬೀಗದ ಕೈಗೊಂಚಲು ಕುಲುಕುತ್ತ ಬಂದ.
"ಮೊದಲು ಹೇಳು, ನಿನಗೆ ಬೇಕಾದ್ದು ಕತ್ತೆಯಾ, ಕುದುರೆಯಾ?"

ಎರಡೂ.
ಬೆಳಿಗ್ಗೆ ಆರೂಕಾಲಿಗೆ ಮಗಳ ಸ್ಕೂಲು,
ಆರೂಮುಕ್ಕಾಲಿಗೆ ಹೆಂಡತಿಯ ಕ್ಲಿನಿಕ್ಕು,
ಏಳರಿಂದ ಕತ್ತಲಾಗುವ ತನಕ
ಜನರ ತಾರಸಿಯ ಮೇಲೆ ಉಸಿರು ಬಿಟ್ಟ ಏಸಿಗಳು.
ಕಂಪ್ರೆಸರ್, ತಾಮ್ರದ ಸುರುಳಿ, ಗ್ಯಾಸಿನ ಸಿಲಿಂಡರು,
ಲೆಕ್ಕದ ಪುಸ್ತಕ, ಟಿಫಿನ್ನು, ಹೋಮ್‌ವರ್ಕು,
ಎಲ್ಲಕ್ಕೂ ಒಂದೇ ಗಾಡಿ, ಒಂದೇ ಮುಲ್ಕಿಯಾ.

ನಾಲ್ಕು ಬಾಗಿಲಿನದು ಚೆಂದವಿತ್ತು. ಬಿಳಿ.
ಹಿಂದಿನ ಸೀಟಿಗೆ ಬೇರೆಯೇ ತಂಪುಗಾಳಿಯ ಬಾಯಿ.
ಚಾರ್ವಿ ಹತ್ತಿ, ಕಾಲು ಚಾಚಿ, ಸೆಟೆದು ಕೂತಳು.
ತೊಟ್ಟಿಯಲ್ಲಿ ಏಣಿ ಮಲಗಿಸಿದೆ:
ಎರಡೂವರೆ ಅಡಿ ಹೊರಗೆ, ನಾಲಿಗೆ ಇಳಿಬಿಟ್ಟ ನಾಯಿಯ ಹಾಗೆ.
ಕೆಂಪು ಬಟ್ಟೆ ಕಟ್ಟಿದರಾಯ್ತು, ಅಂದ ಹಮೂದ್.
ಬೆಲೆ ಕೇಳಿದೆ.
ಕೇಳಿ, ಏಣಿ ಇಳಿಸಿದೆ.

ಎರಡು ಬಾಗಿಲಿನದಕ್ಕೆ ಹದಿನಾರು ವರ್ಷ. ಗೋಧಿ ಬಣ್ಣ;
ಮೊದಲು ನೀಲಿಯಿತ್ತೆಂದು ಬಾಗಿಲಿನ ಒಳಮಗ್ಗುಲು ಚಾಡಿ ಹೇಳಿತು.
ಏಣಿ ಮಾತ್ರ ಮೂಲೆಯಿಂದ ಮೂಲೆಗೆ
ಸ್ವಂತ ಮನೆಯ ಚಾಪೆ ಸಿಕ್ಕಿದವರ ಹಾಗೆ ಮಲಗಿಬಿಟ್ಟಿತು.
ಚಾರ್ವಿ ಹೊರಗೇ ನಿಂತಳು.
"ಅಪ್ಪಾ, ಇದ್ರಗೆ ನಾ ಎಲ್ಲ್ ಕೂಕಂಬುದ್?"

ಮಧ್ಯದಲ್ಲಿ.
ಉದ್ದ ಸೀಟಿನ ನಡುವೆ,
ಗೇರಿನ ದಂಡಕ್ಕೆ ಆಚೆಯೊಂದು ಈಚೆಯೊಂದು ಮೊಣಕಾಲು.
ಎರಡನೇ ಗೇರಿಗೆ ಕಾಲು ಸರಿಸಬೇಕು, ನಾಲ್ಕಕ್ಕೂ.
ಅವಳಿಗೆ ಒಂಬತ್ತು. ಇನ್ನೆಷ್ಟು ವರ್ಷ ಸರಿಸಿಯಾಳು?
ವಿಮಲಾಕ್ಷಿ ಕಿಟಕಿಯ ಗಾಜನ್ನು ಕೈಯಿಂದ ತಿರುವಿ
ಇಳಿಸಿದಳು, ಏರಿಸಿದಳು, ಮತ್ತೆ ಇಳಿಸಿದಳು.
ಏನೂ ಹೇಳಲಿಲ್ಲ.
ಆ ಮೌನಕ್ಕೆ ಯಾರೂ ವಾರಂಟಿ ಕೊಡುವುದಿಲ್ಲ.

ಬಲೂಚಿ ಮೇಸ್ತ್ರಿ ಮೆಹ್ರಾಬ್ ಗಾಡಿಯಡಿಗೆ ನುಸುಳಿದ.
ಹೊರಗುಳಿದ ಎರಡು ಪಾದಗಳೇ ಮಾತಾಡಿದವು:
"ಚಾಸಿ ಸೀದಾ ಇದೆ. ತುಕ್ಕು ಸ್ವಲ್ಪ; ಕಡಲ ಊರಲ್ಲವೇ.
ಗೇರ್‌ಬಾಕ್ಸು ಬಿಚ್ಚಿ ಕೂಡಿಸಿದ್ದಾರೆ,
ಬಿಚ್ಚಿದವನಿಗೆ ಕೆಲಸ ಗೊತ್ತಿತ್ತು."

ಮೂವರೂ ಕೂತು ಓಡಿಸಿ ನೋಡಿದೆವು, ಫಲಜ್ ಕಡೆಗೆ.
ತುಂಬಿದ ಕೊಡ ತುಳುಕುವುದಿಲ್ಲ, ಸರಿ.
ಖಾಲಿ ಪಿಕಪ್ಪು ಹಂಪು ಸಿಕ್ಕಿದಲ್ಲೆಲ್ಲ
ಮೊರದ ಅಕ್ಕಿಯ ಹಾಗೆ ಕೇರಿತು ನಮ್ಮನ್ನು.
ಚಾರ್ವಿಯ ನೆತ್ತಿ ಮಾಡಿಗೆ ಬಡಿಯಿತು.
ಅವಳು ಆ ದಿನ ಮೊದಲ ಬಾರಿ ನಕ್ಕದ್ದು ಆಗಲೇ.

"ಇದರ ಸ್ಪ್ರಿಂಗು ಒಂದು ಟನ್ನಿಗೆ ಮಾಡಿದ್ದು," ಅಂದ ಮೆಹ್ರಾಬ್
ಕೈಯ ಗ್ರೀಸು ಒರೆಸುತ್ತ,
"ಹೊರೆಯಿಲ್ಲದಿದ್ದರೆ ಸಿಟ್ಟು ಬರುತ್ತದೆ ಇದಕ್ಕೆ.
ಸ್ಕೂಲಿಗೆ ಹೋಗುವಾಗ ಹಿಂದೆ ನಾಲ್ಕು ಮೂಟೆ ಮರಳು ಹಾಕಿಕೋ."

ಮರಳು! ಈ ಸೀಮೆಯಲ್ಲಿ
ರಸೀದಿ ಇಲ್ಲದೆ ಸಿಗುವುದು ಅದೊಂದೇ.

ಐವತ್ತು ರಿಯಾಲಿನ ಮೇಲೆ ಹಮೂದನಿಗೂ ನನಗೂ
ಮೂರು ಲೋಟ ಕಹ್ವಾ ಖರ್ಚಾಯಿತು.
ಕೊನೆಗೆ ಅವನು ಮೂವತ್ತು ಬಿಟ್ಟ,
ಬಿಟ್ಟದ್ದಕ್ಕೆ ತನ್ನ ಅಂಗಡಿಯ ಏಸಿ ತೋರಿಸಿದ.

ಸಂಜೆ, ಗೋಡೌನುಗಳ ಹಿಂದಿನ ಬಯಲು.
ಚಾರ್ವಿ ಚೀಲದ ಬಾಯಿ ಅಗಲಿಸಿ ಹಿಡಿದಿದ್ದಾಳೆ,
ನಾನು ಸಲಿಕೆಯಿಂದ ತುಂಬುತ್ತಿದ್ದೇನೆ,
ಅರ್ಧ ಮರಳು ಅವಳ ಚಪ್ಪಲಿಗೆ.
"ಅಪ್ಪಾ, ಇದ್ ಭಾರ್ವಾ, ನಾ ಭಾರ್ವಾ?"
ಮೊದಲು ಮೂಟೆ ಎತ್ತಿ ನೋಡುತ್ತೇನೆ,
ಕೆಳಗಿಟ್ಟು, ಕೈ ಕೊಡವಿ,
ಆಮೇಲೆ ಅವಳನ್ನು.