ಮುಚ್ಚಳದ ಡಬ್ಬಿ

ಇಮಾಬಾರಿಯ ಟವೆಲು ಗಿರಣಿ, ಅದರ ಓಟದ ತಂಡದ ಹಾಸ್ಟೆಲು.
ಬಾಗಿಲಲ್ಲಿ ಹನ್ನೊಂದು ಜೊತೆ ಬೂಟು,
ಮೂತಿಗಳೆಲ್ಲ ರಸ್ತೆಯ ಕಡೆಗೆ.
ಅಡುಗೆ ನನ್ನದು. ಗುಡಿಸುವುದು, ಕಸ ಎತ್ತುವುದೂ ನನ್ನದೇ.

ಮನೆಯ ಗುಟ್ಟು ಬೇಕೆಂದರೆ
ಯಜಮಾನನನ್ನಲ್ಲ, ಕಸದವಳನ್ನು ಕೇಳಬೇಕು.
ಬಚ್ಚಲ ಮೂಲೆಯಲ್ಲಿ ಮುಚ್ಚಳದ ಪುಟ್ಟ ಡಬ್ಬಿ.
ವಾರಕ್ಕೊಮ್ಮೆ ತೆಗೆದು ನೋಡುತ್ತೇನೆ:
ಹಾಕಿದ ಚೀಲ ಹಾಕಿದ ಹಾಗೇ,
ಮಡಿಕೆ ಕೂಡ ಮುರಿದಿಲ್ಲ.
ಹನ್ನೊಂದು ಹೆಣ್ಣುಗಳಿರುವ ಮನೆ!

ಕಿಟಕಿಯಾಚೆ ಜಲಸಂಧಿ.
ತಿಂಗಳು ಹೇಳಿದ ಹಾಗೆ ನೀರು ತಿರುಗುತ್ತದೆ, ಸದ್ದು ಮಾಡುತ್ತ.
ಒಳಗೆ ಮಾತ್ರ ಯಾರಿಗೂ ತಿಂಗಳಿಲ್ಲ.

ಕುರಾಮೊಚಿ ಕೋಚು ಕೆಟ್ಟವರಲ್ಲ.
ಮಳೆಯಲ್ಲಿ ಕೊಡೆಯಿಲ್ಲದೆ
ಹುಡುಗಿಯರ ಹಿಂದೆ ಸೈಕಲ್ಲು ತುಳಿಯುತ್ತಾರೆ.
ಬೆಳಿಗ್ಗೆ ಐದಕ್ಕೆ ತೂಕ, ನೂರು ಗ್ರಾಮಿಗೂ ಲೆಕ್ಕ.
"ನಿಂತಿತೇ? ಹಾಗಾದರೆ ತಯಾರಿ ಸರಿಯಾಗಿದೆ."
ಅವರಿಗೆ ಯಾರೋ ಹೇಳಿದ್ದು, ಆ ಯಾರಿಗೋ ಇನ್ಯಾರೋ.
ಗುರಿ ಮುಟ್ಟುವವಳಿಗೆ ಮುಟ್ಟು ಯಾಕೆ?

ಚಿಗುಸಾ ಬಂದಾಗ ಹದಿನೆಂಟು,
ಗೋತೋ ದ್ವೀಪದ ಬೆಸ್ತರ ಹುಡುಗಿ.
ಅನ್ನ ಗೋಪುರವಾಗಿ ಬಡಿಸಬೇಕಿತ್ತು.
ಎರಡನೇ ವರ್ಷ ಚಿಕ್ಕ ಬಟ್ಟಲು ಕೇಳಿದಳು.
ಮೂರನೇ ವರ್ಷ ದಾಖಲೆ ಮುರಿದಳು.
ನಾಲ್ಕನೇ ವರ್ಷ ಕಾಲಿನ ಮೂಳೆ.
ಬೀಳಲಿಲ್ಲ, ಎಡವಲಿಲ್ಲ,
ಸೇತುವೆಯ ಏರಿನಲ್ಲಿ ಹಾಗೇ ನಿಂತುಬಿಟ್ಟಳು
ಹಿಂದಿನಿಂದ ಯಾರೋ ಹೆಸರು ಹಿಡಿದು ಕರೆದ ಹಾಗೆ.

ಆಸ್ಪತ್ರೆಗೆ ಜೊತೆಗೆ ಹೋದವಳು ನಾನು.
ಡಾಕ್ಟರಮ್ಮ ಕಾಲಿನ ಮಾತೇ ಎತ್ತಲಿಲ್ಲ.
"ಕಡೆಯ ಸಲ ಯಾವಾಗ?" ಎಂದರು.
ಚಿಗುಸಾ ಬೆರಳು ಮಡಿಸಿ ತಿಂಗಳು ಎಣಿಸಿದಳು,
ಬೆರಳು ಸಾಲದೆ ವರ್ಷದಲ್ಲಿ ಹೇಳಿದಳು.
"ಇಪ್ಪತ್ತೆರಡರ ಹುಡುಗಿ, ಅರುವತ್ತರ ಮೂಳೆ."
ನನಗೆ ಅರುವತ್ತಾರು.
ನನ್ನ ಮೊಣಕಾಲನ್ನು ಒಮ್ಮೆ ಮುಟ್ಟಿ ನೋಡಿಕೊಂಡೆ.

ಆ ನವೆಂಬರಿನ ರಿಲೇಯಲ್ಲಿ
ಅವಳ ನೀಲಿ ಪಟ್ಟಿ ಇನ್ನೊಬ್ಬಳ ಹೆಗಲಿಗೆ ಹೋಯಿತು.
ಓಟ ಮುಗಿದ ಮೇಲೆ ಅದನ್ನು ಒಗೆದವಳು ಇವಳೇ,
ಬೆವರಿನ ಬಿಳಿ ಗೆರೆಗಳನ್ನು ಉಗುರಿನಲ್ಲಿ ಕೆರೆದು.
ನಾನು ಸಾರಿನ ತಳದಲ್ಲಿ ಮೊಟ್ಟೆ ಬಚ್ಚಿಟ್ಟೆ.
ಕಂಡಳು. ಏನೂ ಅನ್ನಲಿಲ್ಲ. ತಿಂದಳು.

ಮಾರ್ಚಿಯ ಒಂದು ಗುರುವಾರ ಮುಚ್ಚಳ ತೆಗೆದರೆ
ಟಿಶ್ಯೂ ಸುತ್ತಿದ ಒಂದು ಪೊಟ್ಟಣ,
ಉಡುಗೊರೆಯಷ್ಟು ಅಚ್ಚುಕಟ್ಟು.
ಪೊರಕೆ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ.

ನಾನು ದೊಡ್ಡವಳಾದಾಗ ಅಮ್ಮ ಕೆಂಪನ್ನ ಮಾಡಿ
ಕೇರಿಗೆಲ್ಲ ಹಂಚಿದ್ದಳು.
ಅಣ್ಣಂದಿರ ಎದುರು ನಾಚಿಕೆಗೆ
ಒಂದಗುಳೂ ಗಂಟಲಲ್ಲಿ ಇಳಿದಿರಲಿಲ್ಲ.
ಆಮೇಲೆ ನಾನದನ್ನು ಯಾರಿಗೂ ಮಾಡಿದ್ದಿಲ್ಲ.
ಆ ರಾತ್ರಿ ಅಝುಕಿ ಕಾಳು ಬೇಯಿಸಿ
ಬಸಿದ ನೀರಲ್ಲಿ ಅಂಟಕ್ಕಿ ನೆನೆಹಾಕಿದೆ.

ಬೆಳಿಗ್ಗೆ ಹನ್ನೊಂದು ಬಟ್ಟಲು, ಮೇಲೆ ಕರಿಎಳ್ಳು.
"ಏನು ವಿಶೇಷ?" ಕೋಚು ಕೇಳಿದರು.
ನನ್ನ ಹುಟ್ಟುಹಬ್ಬ ಎಂದೆ. ಅದಿರುವುದು ಆಗಸ್ಟಿನಲ್ಲಿ.
ಅವರೂ ಚೆನ್ನಾಗಿ ತಿಂದರು.
ಚಿಗುಸಾ ಬಟ್ಟಲೊಳಗೇ ನೋಡುತ್ತಿದ್ದಳು,
ಕಿವಿ ಎರಡೂ ಅನ್ನದ ಬಣ್ಣ.
ಆಮೇಲೆ ಬಟ್ಟಲು ಮುಂದೆ ಚಾಚಿದಳು, ಇನ್ನೊಂದಿಷ್ಟು.

ಮತ್ತೆ ಓಡುತ್ತಾಳೋ, ಅದೇ ವೇಗವೋ,
ಡಾಕ್ಟರಮ್ಮನೂ ಹೇಳಿಲ್ಲ.
ಕಾಳು ಇನ್ನೂ ಅರ್ಧ ಚೀಲ ಉಳಿದಿದೆ.
ಹುಳ ಹಿಡಿಯದಂತೆ
ಒಣಮೆಣಸಿನಕಾಯಿ ಹಾಕಿ ಕಟ್ಟಿಟ್ಟಿದ್ದೇನೆ.